ರಿಪೇರಿ ಆಗುತ್ತಾ, ಹೊಸದೇ ಹಾಕಬೇಕಾ? ಹಳೆಯ ಸ್ವಿಚ್ಚು, ಸಾಕೆಟ್ಟು, ಫ್ಯಾನುಗಳ ವಿಷಯ

ಸಾಗರದಲ್ಲಿ ನಾನು ವೈರಿಂಗ್ ಕೆಲಸಕ್ಕೆ ಇಳಿದು 26 ವರ್ಷವಾಯಿತು. ಅದಕ್ಕೂ ಮೊದಲು ಎರಡು ವರ್ಷ ದೊಡ್ಡಪ್ಪನ ವೈಂಡಿಂಗ್ ಅಂಗಡಿಯಲ್ಲಿ ಕೂತು ಮೋಟರಿಗೆ, ಫ್ಯಾನಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತೆ. ಪೇಟೆಯ ಮನೆಗಳಿಗೂ ಹೋಗುತ್ತೇನೆ, ತೋಟದ ನಡುವಿನ ಹಳೇ ಹಂಚಿನ ಮನೆಗಳಿಗೂ ಹೋಗುತ್ತೇನೆ. ಎಲ್ಲಿ ಹೋದರೂ ಬ್ಯಾಗ್ ಕೆಳಗಿಡುವ ಮೊದಲೇ ಬರುವ ಪ್ರಶ್ನೆ ಒಂದೇ: "ಇದು ರಿಪೇರಿ ಆಗ್ತದಾ ಮಾರಾಯ್ರೆ, ಹೊಸದೇ ಹಾಕಬೇಕಾ?"

ದೊಡ್ಡಪ್ಪ ಇದಕ್ಕೆ ಒಂದು ಗೆರೆ ಎಳೆದು ಕೊಟ್ಟಿದ್ದರು. ಸಡಿಲಾಗಿದ್ದರೆ, ಕೊಳೆ ಕೂತಿದ್ದರೆ, ಒಳಗಿನ ಒಂದು ಭಾಗ ಸವೆದಿದ್ದರೆ ರಿಪೇರಿ ಮಾಡು. ಬಿಸಿಗೆ ಬಣ್ಣ ಬದಲಾಗಿದ್ದರೆ ತೆಗೆದು ಬಿಸಾಕು. ಇಷ್ಟು ವರ್ಷದಲ್ಲಿ ನಾನು ಆ ಗೆರೆ ದಾಟಿಲ್ಲ. ಅದಕ್ಕೆ ನನ್ನ ಅನುಭವದಿಂದ ಒಂದನ್ನು ಮಾತ್ರ ಸೇರಿಸಿದ್ದೇನೆ: ಅದು ಯಾಕೆ ಹಾಳಾಯಿತು ಅಂತ ಗೊತ್ತಾಗದೆ ಹೊಸದನ್ನು ಹಾಕಬೇಡಿ. ಕಾರಣ ಅಲ್ಲೇ ಉಳಿದರೆ ಹೊಸದೂ ಆರು ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತದೆ.

ಬೋರ್ಡಿಗೆ ಕೈ ಹಾಕುವ ಮೊದಲು

ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಂಡವರೇ ಜಾಸ್ತಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸಾಲದು. ನೀವು ಮೇನ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಅದನ್ನು ಕರೆಂಟ್ ಹೋಯಿತು ಅಂತಲೇ ತಿಳಿಯುತ್ತದೆ. ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಲೈಟು, ಫ್ಯಾನಿನ ಲೈನಿಗೆ ಬಿಡುತ್ತದೆ. ಅದನ್ನೂ ಆಫ್ ಮಾಡಿ, ಅದರ ಹಿಂದಿನ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತಿಡಿ.

ಟೆಸ್ಟರ್ ಸರಿ ಇದೆಯೋ ಇಲ್ಲವೋ ಅಂತ ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ನೋಡಿಕೊಳ್ಳಿ. ಆಮೇಲೆ ಮೇನ್ ತೆಗೆಯಿರಿ. ಕೆಲಸ ಮಾಡುವ ಜಾಗದಲ್ಲಿ ಫೇಸ್, ನ್ಯೂಟ್ರಲ್ ಎರಡಕ್ಕೂ ಟೆಸ್ಟರ್ ಇಟ್ಟು ನೋಡಿ. ನ್ಯೂಟ್ರಲ್ ಯಾಕೆ ಅಂತೀರಾ? ಹಳೇ ಮನೆಗಳಲ್ಲಿ ನ್ಯೂಟ್ರಲ್‌ಗೂ ಒಂದು ಪಿಂಗಾಣಿ ಫ್ಯೂಸ್ ಇರುತ್ತದೆ. ಆ ಫ್ಯೂಸ್ ಹೋದರೆ ಇಡೀ ಮನೆ ಕತ್ತಲಾಗುತ್ತದೆ. ಆದರೆ ಆನ್ ಇರುವ ಬಲ್ಬು, ಫ್ಯಾನುಗಳ ಮೂಲಕ ಫೇಸ್ ಹಾದು ನ್ಯೂಟ್ರಲ್ ವೈರಿಗೂ ಬಂದು ನಿಂತಿರುತ್ತದೆ. ಕರೆಂಟಿಲ್ಲ ಅಂತ ಕೈ ಹಾಕಿದವರಿಗೆ ಅದೇ ಹೊಡೆಯುತ್ತದೆ.

ಒಣಗಿದ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಮರದ ಸ್ಟೂಲ್ ಮೇಲೆ ನಿಲ್ಲಿ. ಮೇನ್ ಸ್ವಿಚ್ಚಿನ ಹತ್ತಿರ ಮನೆಯವರೊಬ್ಬರನ್ನು ನಿಲ್ಲಿಸಿ. ಮೀಟರಿಗಿಂತ ಹಿಂದಿನದ್ದು ಮೆಸ್ಕಾಂನವರ ಸೀಲ್ ಇರುವ ಜಾಗ. ಅದನ್ನು ನಾನೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಸಾಕೆಟ್ಟು, ಪ್ಲಗ್ಗು, ಸ್ವಿಚ್ಚು

ಎರಡು ಮಳೆಗಾಲದ ಹಿಂದೆ ಹೆಗ್ಗೋಡಿನ ಕಡೆಯ ಒಂದು ಮನೆಯಿಂದ ಫೋನ್ ಬಂತು. ಅಡುಗೆಮನೆಯಲ್ಲಿ ಮೂರು ದಿನದಿಂದ ಮೀನಿನ ವಾಸನೆ. ಮನೆಯವರು ಮೀನು ತಿನ್ನುವವರಲ್ಲ. ಬೆಕ್ಕು ಎಲ್ಲೋ ತಂದಿಟ್ಟಿದೆ ಅಂತ ಅಟ್ಟ, ಮಂಚದಡಿ ಎಲ್ಲ ಹುಡುಕಿದ್ದರು. ಕೊನೆಗೆ ಆ ಮನೆಯ ಅಮ್ಮನೇ ಗುರುತಿಸಿದರು: "ಕರೆಂಟ್ ಒಲೆ ಇಟ್ಟಾಗ ಜಾಸ್ತಿ ಬರ್ತದೆ ನೋಡಿ." ಅಷ್ಟು ಕೇಳಿದ ಮೇಲೆ, ಒಲೆ ಮುಟ್ಟಬೇಡಿ, ನಾನು ಬರುವವರೆಗೆ ಆ ಸ್ವಿಚ್ ಹಾಕಬೇಡಿ ಅಂತ ಹೇಳಿ ಹೊರಟೆ.

ಸಾಕೆಟ್ಟಿನ ಮುಖ ಬೆಳ್ಳಗೇ ಇತ್ತು. ಸ್ಕ್ರೂ ಬಿಚ್ಚಿ ಬೋರ್ಡ್ ತಿರುಗಿಸಿದರೆ ಫೇಸ್ ಕಡೆಯ ಕಾಲಿನ ಸುತ್ತ ಚಹಾದ ಬಣ್ಣ. ಪ್ಲಾಸ್ಟಿಕ್ ಉಬ್ಬಿ ಗುಳ್ಳೆ ಎದ್ದಿತ್ತು. ವೈರಿನ ಕೆಂಪು ಸಿಪ್ಪೆ ಒಂದು ಇಂಚಿನಷ್ಟು ಗಟ್ಟಿಯಾಗಿ, ಬಗ್ಗಿಸಿದರೆ ಮೊಟ್ಟೆಯ ಓಡಿನ ಹಾಗೆ ಒಡೆಯುತ್ತಿತ್ತು. ಒಳಗೆ ಪಿನ್ನನ್ನು ಕಚ್ಚಿ ಹಿಡಿಯುವ ಹಿತ್ತಾಳೆಯ ನಾಲಿಗೆ ಇರುತ್ತದಲ್ಲ, ಅದು ಮಿರುಗು ಕಳೆದುಕೊಂಡು ಕಪ್ಪಾಗಿತ್ತು. ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದೆ. ಒತ್ತಿದಲ್ಲೇ ನಿಂತಿತು, ವಾಪಸ್ ಬರಲಿಲ್ಲ.

ಸಾಕೆಟ್ಟು ಸಾಯುವುದು ಹೀಗೇ. ಆ ಹಿತ್ತಾಳೆಗೆ ಸ್ಪ್ರಿಂಗಿನ ಗುಣ ಇರುವವರೆಗೆ ಪಿನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿತ ತಪ್ಪಿದರೆ ಕರೆಂಟ್ ಹಾದು ಹೋಗುವ ಜಾಗ ಚಿಕ್ಕದಾಗುತ್ತದೆ, ಅಲ್ಲಿ ಕಾವು ಹುಟ್ಟುತ್ತದೆ. ಕಾವಿಗೆ ಹಿತ್ತಾಳೆ ಇನ್ನಷ್ಟು ಮೆತ್ತಗಾಗುತ್ತದೆ, ಹಿಡಿತ ಇನ್ನಷ್ಟು ಹೋಗುತ್ತದೆ. ಒಮ್ಮೆ ಈ ಸುತ್ತು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಸ್ವಿಚ್ಚು, ಸಾಕೆಟ್ಟು ಮಾಡುವ ಕೆಲವು ಬಗೆಯ ಪ್ಲಾಸ್ಟಿಕ್ ಕಾದಾಗ ಮೀನಿನ ವಾಸನೆ ಬಿಡುತ್ತದೆ. ಹೊಗೆ ಕಾಣುವುದಕ್ಕೆ ಎಷ್ಟೋ ಮೊದಲು ಈ ವಾಸನೆ ಬರುತ್ತದೆ, ದಯವಿಟ್ಟು ನೆನಪಿಡಿ.

ಆ ಮನೆಯಲ್ಲಿ ಕಾರಣ ಏನಿತ್ತು? ಒಲೆ 2000 ವ್ಯಾಟಿನದು. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. ಅದರ ದಪ್ಪ ಪ್ಲಗ್ಗಿಗೆ ಒಂದು ಕನ್ವರ್ಟರ್ ಸಿಕ್ಕಿಸಿ, 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿದ್ದರು. ಅದೇ ಜಾಗಕ್ಕೆ ಹೊಸ 6 ಆಂಪಿಯರಿನ ಸಾಕೆಟ್ ಹಾಕಿ ದುಡ್ಡು ತೆಗೆದುಕೊಂಡು ಬರಬಹುದಿತ್ತು. ಆದರೆ ಮುಂದಿನ ಮಳೆಗಾಲಕ್ಕೆ ಅದೂ ಸುಡುತ್ತಿತ್ತು. ಮೇನ್ ಬೋರ್ಡಿನಿಂದ ಬೇರೆಯೇ 2.5 ಚದರ ಮಿ.ಮೀ. ವೈರ್ ಎಳೆದು, 16 ಆಂಪಿಯರಿನ ಸಾಕೆಟ್ ಕೂರಿಸಿ, ಅದಕ್ಕೆ ಅರ್ಥ್ ಕೊಟ್ಟು ಬಂದೆ. ಖರ್ಚು ಜಾಸ್ತಿಯಾಯಿತು, ನಿಜ.

ಸಾಕೆಟ್ಟಿನಲ್ಲಿ ಕಂದು ಕಲೆ, ಗುಳ್ಳೆ, ಬಿರುಕು ಕಂಡರೆ ಹೊಸದೇ ಗತಿ. ಅದರಲ್ಲಿ ಕೂರುತ್ತಿದ್ದ ಪ್ಲಗ್ಗನ್ನೂ ಬದಲಿಸಿ. ಇದು ತುಂಬಾ ಮುಖ್ಯ. ಸುಟ್ಟ ಪಿನ್ನಿನ ಮೇಲೆ ಒರಟು ಪೊರೆ ಕೂತಿರುತ್ತದೆ. ಅದನ್ನು ಹೊಸ ಸಾಕೆಟ್ಟಿಗೆ ಚುಚ್ಚಿದರೆ ಹೊಸ ಹಿತ್ತಾಳೆಯೂ ಕಾಯುತ್ತದೆ. ವೈರನ್ನು ಒಳ್ಳೇ ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ. ಎಳೆಗಳನ್ನು ಹೊಸೆದು, ಮಡಚಿ ಸ್ಕ್ರೂ ಕೆಳಗೆ ಕೊಡಿ. ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಹಾಕಿದರೆ ಇನ್ನೂ ಒಳ್ಳೆಯದು. ಸ್ಕ್ರೂ ಕೆಳಗೆ ಹೋಗುವ ತುದಿಗೆ ಬೆಸುಗೆಯ ಸೀಸ (ಸೋಲ್ಡರ್) ಹಚ್ಚಿ ಗಟ್ಟಿ ಮಾಡುವವರಿದ್ದಾರೆ. ಬೇಡ. ಸೀಸ ಒತ್ತಡಕ್ಕೆ ಮೆಲ್ಲಗೆ ಕುಗ್ಗುತ್ತದೆ, ವರ್ಷದೊಳಗೆ ಸ್ಕ್ರೂ ಸಡಿಲ.

ಹಳೇ ಹಿತ್ತಾಳೆ ಪಿನ್ನಿನ ಮಧ್ಯೆ ಸೀಳು ಇರುತ್ತದೆ. ಪ್ಲಗ್ ಅಲುಗಾಡಿದರೆ ಆ ಸೀಳಿಗೆ ಚಾಕು ತೂರಿಸಿ ಅಗಲ ಮಾಡುವುದು ನಮ್ಮ ಕಡೆ ಮನೆಮನೆಯ ರೂಢಿ. ಒಂದು ವಾರ ಬಿಗಿಯಾಗುತ್ತದೆ. ಆಮೇಲೆ ಸಾಕೆಟ್ಟಿನ ನಾಲಿಗೆಯನ್ನೂ ಅಗಲ ಮಾಡಿ ಇಟ್ಟಿರುತ್ತದೆ.

ಇನ್ನು ರಿಪೇರಿ ಆಗುವ ಕಡೆ ಬರೋಣ. ಬಣ್ಣ ಕೆಟ್ಟಿಲ್ಲ, ವಾಸನೆ ಇಲ್ಲ, ಆದರೆ ಆಗಾಗ ಕರೆಂಟ್ ಬಂದು ಹೋಗುತ್ತದೆ ಅಂದರೆ ಹೆಚ್ಚಿನ ಸಲ ಹಿಂದಿನ ಸ್ಕ್ರೂ ಸಡಿಲಾಗಿರುತ್ತದೆ. ಬಿಗಿ ಮಾಡಿದರೆ ಮುಗಿಯಿತು. ಬೋರ್ಡ್ ಬಿಚ್ಚಿದ್ದೀರಿ ಅಂದಮೇಲೆ ಉಳಿದ ಸ್ಕ್ರೂಗಳಿಗೂ ಒಂದೊಂದು ಸುತ್ತು ಕೊಟ್ಟುಬಿಡಿ.

ಸಾಕೆಟ್ಟಿನೊಳಗೆ ಪ್ಲಗ್ ಹೋಗುತ್ತಲೇ ಇಲ್ಲ ಅಂದರೆ ಟಾರ್ಚ್ ಹಿಡಿದು ತೂತು ನೋಡಿ. ಬಳಸದ ಸಾಕೆಟ್ಟಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. ಜೋರು ಮಾಡಿ ತುರುಕಬೇಡಿ, ಒಳಗಿನ ಹಿತ್ತಾಳೆ ಬಾಗುತ್ತದೆ. ಮೇನ್ ತೆಗೆದು, ಸಾಕೆಟ್ ಬಿಚ್ಚಿ, ಒಣ ಬ್ರಷ್‌ನಿಂದ ಮಣ್ಣು ಉದುರಿಸಿ. ಇರುವೆ ಗೂಡು ಕಟ್ಟಿದ್ದರೂ ಹೀಗೇ. ಇರುವೆ ಪುಡಿಯನ್ನಾಗಲಿ, ಸ್ಪ್ರೇಯನ್ನಾಗಲಿ ಬೋರ್ಡಿನೊಳಗೆ ಹಾಕಬೇಡಿ. ಗೋಡೆಯ ಪೈಪಿನ ಬಾಯಿಯನ್ನು ಮುಚ್ಚಿದರೆ ಅವು ಮತ್ತೆ ಬರುವುದು ಕಡಿಮೆ.

ಸ್ವಿಚ್ಚಿನ ವಿಷಯ ಚಿಕ್ಕದು. ಹಾಕಿದಾಗ ಚಿರ್ ಅಂದರೆ, ಮುಟ್ಟಿದರೆ ಬೆಚ್ಚಗಿದ್ದರೆ, ಅರ್ಧದಲ್ಲಿ ನಿಂತರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಗುಳಿ ಬಿದ್ದಿದೆ ಅಂತ ಅರ್ಥ. ಬಿಚ್ಚಿ ಉಜ್ಜಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಸ್ವಿಚ್ ಕೆಟ್ಟಿತು ಅಂತ ಇಡೀ ಬೋರ್ಡ್ ತೆಗೆಸುವುದೂ ಬೇಡ. ಮಾಡ್ಯುಲರ್ ಆದರೂ ಹಳೇ ಪಿಯಾನೋ ಸ್ವಿಚ್ ಆದರೂ ಕೆಟ್ಟ ಒಂದನ್ನೇ ಬದಲಿಸಬಹುದು. ಹಳೇ ಮರದ ಬೋರ್ಡ್ ಮಾತ್ರ ಬೇರೆ ಮಾತು. ನಮ್ಮ ಮಳೆಗೆ ಗೋಡೆ ಬೆವರಿ ಮರ ನೀರು ಕುಡಿದಿರುತ್ತದೆ. ಮಳೆಗಾಲದಲ್ಲಿ ಬೋರ್ಡಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದರೆ ಆ ಬೋರ್ಡ್ ಪೂರ್ತಿ ಹೋಗಬೇಕು.

ಫ್ಯಾನ್

ಫ್ಯಾನ್ ಅಂದರೆ ನನಗೆ ಪ್ರೀತಿ ಜಾಸ್ತಿ. ಮನೆಯಲ್ಲಿರುವ ವಸ್ತುಗಳಲ್ಲಿ ಇದರಷ್ಟು ರಿಪೇರಿಗೆ ಒಗ್ಗುವುದು ಇನ್ನೊಂದಿಲ್ಲ. 40 ವರ್ಷ ಓಡಿದ ಫ್ಯಾನುಗಳನ್ನು ನಾನೇ ಇಳಿಸಿ, ತೊಳೆದು, ಮತ್ತೆ ಏರಿಸಿದ್ದೇನೆ.

ಮೆಲ್ಲಗೆ ತಿರುಗುತ್ತದೆ, ಅಥವಾ ಕೋಲಿನಿಂದ ತಳ್ಳಿದರೆ ಮಾತ್ರ ಶುರುವಾಗುತ್ತದೆ ಅಂದರೆ ಮೊದಲು ಕಂಡೆನ್ಸರ್ ನೋಡಿ. ಅಂಗಡಿಯಲ್ಲಿ ಕೆಪಾಸಿಟರ್ ಅಂದರೂ ಕೊಡುತ್ತಾರೆ. ಮೇಲಿನ ಕಪ್ಪಿನೊಳಗೆ ಬೆರಳುದ್ದದ ಡಬ್ಬಿ. ಹೆಚ್ಚಿನ ಫ್ಯಾನಿಗೆ 2.5 ಮೈಕ್ರೋಫ್ಯಾರಡ್ ಇರುತ್ತದೆ, ಕೆಲವಕ್ಕೆ 3.15. ಡಬ್ಬಿಯ ಮೇಲೆ ಬರೆದಿರುತ್ತದೆ, ಅದೇ ಅಳತೆಯದನ್ನೇ ತನ್ನಿ. ಜಾಸ್ತಿ ಹಾಕಿದರೆ ಜೋರು ತಿರುಗುತ್ತದೆ ಅಂತ ದೊಡ್ಡದು ಹಾಕುವವರಿದ್ದಾರೆ. ವೈಂಡಿಂಗ್ ಕಾದು ಹೋಗುತ್ತದೆ. ಹಳೇದನ್ನು ತೆಗೆಯುವ ಮೊದಲು ಅದರ ಎರಡು ವೈರಿನ ತುದಿಗಳನ್ನು ಹಿಡಿಕೆಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್‌ನಿಂದ ಒಮ್ಮೆ ಮುಟ್ಟಿಸಿಬಿಡಿ, ಉಳಿದ ಚಾರ್ಜ್ ಇಳಿಯುತ್ತದೆ. ನೂರು ರೂಪಾಯಿಯ ಒಳಗೆ ಮುಗಿಯುವ ಕೆಲಸ. ಇದಕ್ಕೇ ಹೊಸ ಫ್ಯಾನ್ ತಂದವರ ಮನೆಗಳಿಗೂ ಹೋಗಿದ್ದೇನೆ, ಬೇಜಾರಾಗುತ್ತದೆ.

ಗರಗರ ಸದ್ದು ಬಂದರೆ ಬೇರಿಂಗ್. ಸ್ವಿಚ್ ಆಫ್ ಮಾಡಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ. ಎಣ್ಣೆ ಹಾಕಿದ ಹಾಗೆ ನುಣ್ಣಗೆ ತಿರುಗಬೇಕು. ಮರಳಿನಲ್ಲಿ ಉಜ್ಜಿದ ಹಾಗೆ ಕೈಗೆ ಗೊತ್ತಾದರೆ ಬೇರಿಂಗ್ ಮುಗಿದಿದೆ. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 6202 ಮತ್ತು 6201 ನಂಬರಿನ ಎರಡು ಬೇರಿಂಗ್ ಇರುತ್ತವೆ. ನಂಬರು ಬೇರಿಂಗಿನ ಮೇಲೇ ಕೆತ್ತಿರುತ್ತದೆ. ಒಂದು ಹೋದರೂ ಎರಡನ್ನೂ ಹಾಕಿಸಿ. ಫ್ಯಾನ್ ಬಿಚ್ಚುವ ಕೂಲಿ ಎರಡು ಸಲ ಯಾಕೆ ಕೊಡಬೇಕು, ಅಲ್ವಾ?

ಬೇರಿಂಗನ್ನು ಶಾಫ್ಟಿಗೆ ಬಡಿದು ಕೂರಿಸುವಾಗ ಒಳಗಿನ ಬಳೆಯ ಮೇಲೆ ಮಾತ್ರ ಪೈಪ್ ಇಟ್ಟು ತಟ್ಟಬೇಕು. ಹೊರಗಿನ ಬಳೆಗೆ ಏಟು ಬಿದ್ದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೂ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ. ಈ ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ವೈಂಡಿಂಗ್ ಸುಟ್ಟರೆ ಏನು? ಇಲ್ಲಿ ಬಣ್ಣದ ಗೆರೆಗೆ ಒಂದು ವಿನಾಯಿತಿ ಇದೆ. ಸುಟ್ಟ ತಂತಿಯನ್ನು ಪೂರ್ತಿ ಕಿತ್ತು ಹೊಸ ತಂತಿ ಸುತ್ತುತ್ತೇವೆ, ಅಂದರೆ ಸುಟ್ಟ ಭಾಗ ಉಳಿಯುವುದಿಲ್ಲ. ಹಳೇ ದಪ್ಪ ಬಾಡಿಯ ಫ್ಯಾನಾದರೆ ಸುತ್ತಿಸಿ. ಸುತ್ತುವವರು ಹಳೇ ಸುತ್ತುಗಳನ್ನು ಎಣಿಸಿ, ತಂತಿಯ ಗೇಜ್ ನೋಡಿ, ಶುದ್ಧ ತಾಮ್ರವನ್ನೇ ಹಾಕುತ್ತಾರಾ ಅಂತ ಕೇಳಿ. ಅಲ್ಯೂಮಿನಿಯಂ ತಂತಿ ಸುತ್ತಿ ತಾಮ್ರದ ದುಡ್ಡು ತೆಗೆದುಕೊಳ್ಳುವ ಅಂಗಡಿಗಳೂ ಇವೆ. ತುದಿಯನ್ನು ಚಾಕುವಿನಿಂದ ಕೆರೆದರೆ ಬಣ್ಣ ಗೊತ್ತಾಗುತ್ತದೆ. ಹೊಸ ಹಗುರ ಫ್ಯಾನಿನ ವೈಂಡಿಂಗ್ ಹೋದರೆ ಸುತ್ತಿಸುವ ಕೂಲಿಯೇ ಫ್ಯಾನಿನ ಅರ್ಧ ಬೆಲೆ ಮುಟ್ಟುತ್ತದೆ. ಅದನ್ನು ಬಿಟ್ಟುಬಿಡಿ.

ಈಗ ಎಲ್ಲರೂ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಿನ ಬಗ್ಗೆ ಕೇಳುತ್ತಾರೆ. ಲೆಕ್ಕ ಹೀಗಿದೆ. ಹಳೇ ಫ್ಯಾನ್ ಸುಮಾರು 75 ವ್ಯಾಟ್. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ 30 ವ್ಯಾಟಿನ ಆಸುಪಾಸು, ತಿಂಗಳಿಗೆ 11 ಯೂನಿಟ್. ಉಳಿತಾಯ 16 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ ನೂರು ರೂಪಾಯಿಗೆ ಸ್ವಲ್ಪ ಕಡಿಮೆ. ಬಳ್ಳಾರಿ, ರಾಯಚೂರಿನ ಸೆಕೆಯಲ್ಲಿ ವರ್ಷದ ಹೆಚ್ಚಿನ ಭಾಗ ಫ್ಯಾನ್ ತಿರುಗುವ ಮನೆಗೆ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ಗೃಹಜ್ಯೋತಿಯಲ್ಲಿ ತಮ್ಮ ಮಿತಿ ದಾಟುತ್ತಿರುವವರಿಗೂ ಈ 16 ಯೂನಿಟ್ ದೊಡ್ಡದೇ. ಆದರೆ ಸಾಗರ, ತೀರ್ಥಹಳ್ಳಿಯಲ್ಲಿ ಮಾರ್ಚಿನಿಂದ ಮೇವರೆಗೆ ಮಾತ್ರ ಫ್ಯಾನ್ ಹಾಕುವ ಮನೆಗೆ? ವರ್ಷಕ್ಕೆ ಮುನ್ನೂರು ರೂಪಾಯಿ ಉಳಿಸಲು ಮೂರು ಸಾವಿರ ಕೊಡುವುದು ನನ್ನ ಲೆಕ್ಕಕ್ಕೆ ಬರುವುದಿಲ್ಲ. ಹಳೇದಕ್ಕೆ ಬೇರಿಂಗ್ ಹಾಕಿಸಿ ಓಡಿಸಿ.

ಇನ್ನೊಂದು ಮಾತು. ಬಿಎಲ್‌ಡಿಸಿ ಫ್ಯಾನಿನೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೊದಲು ಹೋಗುವುದೇ ಅದು. ವಾರಂಟಿ ಮುಗಿದ ಮೇಲೆ ಅದೇ ಬೋರ್ಡ್ ಹುಡುಕುವುದು ಕಷ್ಟ. ಹಾಕಿಸುವುದಾದರೆ ಬಿಲ್ ಜೋಪಾನ ಮಾಡಿ, ಮತ್ತು ಗೋಡೆಯ ಹಳೇ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಿ. ಆ ಫ್ಯಾನಿಗೆ ರೆಗ್ಯುಲೇಟರ್ ಮೂಲಕ ಕರೆಂಟ್ ಕೊಡಬಾರದು.

ಫ್ಯಾನ್ ಇಳಿಸಿದಾಗ ಮರೆಯದೆ ಕೊಕ್ಕೆಯ ಬೋಲ್ಟು, ರಬ್ಬರ್ ಬುಷ್, ಸ್ಪ್ಲಿಟ್ ಪಿನ್ ನೋಡಿ. ಬುಷ್ ಸವೆದು ಬೋಲ್ಟ್ ಕಬ್ಬಿಣಕ್ಕೆ ಉಜ್ಜುತ್ತಿದ್ದರೆ ವರ್ಷ ವರ್ಷ ತೆಳ್ಳಗಾಗುತ್ತಾ ಹೋಗುತ್ತದೆ. ಕೆಳಗೆ ಮಕ್ಕಳು ಮಲಗುತ್ತಾರೆ. ಬುಷ್, ಬೋಲ್ಟ್, ಪಿನ್ ಮೂರೂ ಸೇರಿ ಒಂದು ಊಟದ ಖರ್ಚಾಗುವುದಿಲ್ಲ. ಇವನ್ನು ಹಳೇದು ಅಂತ ಕಂಡರೆ ಸಾಕು, ಯೋಚನೆ ಮಾಡದೆ ಬದಲಿಸಿ. ರೆಕ್ಕೆಗಳನ್ನು ಮಾತ್ರ ಬೇರೆ ಫ್ಯಾನಿನದ್ದಕ್ಕೆ ಅದಲು ಬದಲು ಮಾಡಬೇಡಿ. ಮೂರಕ್ಕೂ ಒಂದೇ ತೂಕ ಇಲ್ಲದಿದ್ದರೆ ಫ್ಯಾನ್ ಓಲಾಡುತ್ತದೆ.

ಟ್ಯೂಬು, ಬಲ್ಬು, ಹೋಲ್ಡರು

ಹಳೇ ಟ್ಯೂಬ್‌ಲೈಟಿನ ಸ್ಟಾರ್ಟರ್ ಹೋದರೆ ಸ್ಟಾರ್ಟರ್ ಹಾಕಿ. ಚೋಕ್ ಹೋದರೆ ರಿಪೇರಿ ಬೇಡ, ಎಲ್‌ಇಡಿ ಪಟ್ಟಿ ಹಾಕಿ. ಹಳೇ ಟ್ಯೂಬು 36 ಅಥವಾ 40 ವ್ಯಾಟು, ಅದರ ಮೇಲೆ ತಾಮ್ರದ ಚೋಕ್ 10 ವ್ಯಾಟಿಗಿಂತ ಜಾಸ್ತಿ ತಿನ್ನುತ್ತದೆ. ಅಷ್ಟೇ ಬೆಳಕಿಗೆ ಎಲ್‌ಇಡಿ 20 ವ್ಯಾಟಿನಲ್ಲಿ ಮುಗಿಸುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುಟ್ಟ ಒಂದು ಚುಕ್ಕೆಗೆ ಸೀಸ ಹಚ್ಚಿ ಮತ್ತೆ ಉರಿಸುವುದನ್ನು ವಿಡಿಯೋ ನೋಡಿ ಮಾಡುತ್ತಾರೆ. ಉರಿಯುತ್ತದೆ, ಆದರೆ ಉಳಿದ ಚುಕ್ಕೆಗಳ ಮೇಲೆ ಹೊರೆ ಬಿದ್ದು ಕೆಲವೇ ದಿನಗಳಲ್ಲಿ ಹೋಗುತ್ತದೆ. ವಾರಂಟಿ ಇದ್ದರೆ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬು ಮಿಣುಕುತ್ತಿದ್ದರೆ ಬಲ್ಬಿನ ತಪ್ಪಲ್ಲ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರಿಂದ ಹಾಗಾಗಬಹುದು. ಇಲ್ಲದಿದ್ದರೆ ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಬಂದಿದೆಯಾ ಅಂತ ನೋಡಿಸಿ. ಹಾಗಿದ್ದರೆ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಇಲ್ಲೇ.

ಹೋಲ್ಡರಿನ ಎರಡು ಪಿನ್ನಿನ ಸ್ಪ್ರಿಂಗ್ ಕುಸಿದಿದ್ದರೆ ಹೋಲ್ಡರನ್ನೇ ಬದಲಿಸಿ. ನೂರು ವ್ಯಾಟಿನ ಬಲ್ಬ್ ವರ್ಷಗಟ್ಟಲೆ ಉರಿದ ಜಾಗವಾದರೆ ಒಳಗಿನ ವೈರಿನ ತುದಿಯೂ ಒಣಗಿರುತ್ತದೆ, ನೋಡಿಕೊಳ್ಳಿ.

ಗೀಸರು

ನಮ್ಮಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆಯ ಬೆಂಕಿ. ಆದರೆ ಮಕ್ಕಳು ಪೇಟೆಯಿಂದ ಬರುತ್ತಾರೆ ಅಂತ ಗೀಸರೂ ಬಂದಿದೆ.

ನೀರು ಬಿಸಿಯಾಗುತ್ತಿಲ್ಲ ಅಂದರೆ ಕೂಡಲೇ ಗೀಸರ್ ಬಿಸಾಕಬೇಡಿ. ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟ್, ಕಾವು ಮಿತಿ ಮೀರಿದರೆ ಕಡಿಯುವ ಕಟ್‌ಔಟ್, ಎಲಿಮೆಂಟ್ ಮೂರೂ ಬಿಡಿಯಾಗಿ ಸಿಗುತ್ತವೆ. ಚಿತ್ರದುರ್ಗದ ನನ್ನ ಅಕ್ಕನ ಮನೆಯಲ್ಲಿ ಬೋರ್‌ವೆಲ್ ನೀರು. ಎರಡು ವರ್ಷಕ್ಕೆ ಎಲಿಮೆಂಟ್ ಬಿಚ್ಚಿದಾಗ ಅದರ ಮೇಲೆ ಬೆರಳು ದಪ್ಪ ಸುಣ್ಣದ ಚಿಪ್ಪು ಕೂತಿತ್ತು. ಸುಣ್ಣ ಕೂತರೆ ಕಾವು ನೀರಿಗೆ ಹೋಗುವುದಿಲ್ಲ, ಎಲಿಮೆಂಟೇ ಸುಡುತ್ತದೆ. ಗಡಸು ನೀರಿನ ಊರಿನವರು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಅದೇ ಹೊತ್ತಿಗೆ ಒಳಗಿನ ಮೆಗ್ನೀಸಿಯಂ ರಾಡನ್ನೂ ನೋಡಿಸಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟಿರುವ ರಾಡ್ ಅದು. ಕಡ್ಡಿಯಷ್ಟಾಗಿದ್ದರೆ ಹೊಸದು ಹಾಕಿದರೆ ಟ್ಯಾಂಕ್ ಉಳಿಯುತ್ತದೆ. ಟ್ಯಾಂಕೇ ತೂತಾದರೆ ಗೀಸರ್ ಮುಗಿಯಿತು. ಎಂ-ಸೀಲ್ ಮೆತ್ತಿ ಓಡಿಸಬೇಡಿ.

ನಲ್ಲಿ ಮುಟ್ಟಿದರೆ ಜುಮ್ ಅಂದರೆ ಆ ಕ್ಷಣವೇ ಗೀಸರ್ ಬಂದ್. ಎಲಿಮೆಂಟ್ ಒಡೆದು ನೀರಿಗೆ ಕರೆಂಟ್ ಇಳಿಯುತ್ತಿರಬಹುದು. ಅರ್ಥಿಂಗ್ ಸತ್ತಿದ್ದರೆ, ಲೋಡ್ ಜಾಸ್ತಿಯಾದಾಗ ತಾನೇ ಬೀಳುವ ಎಂಸಿಬಿ ಸ್ವಿಚ್ಚಿಗೆ ಇದು ತಿಳಿಯುವುದೇ ಇಲ್ಲ. ಅದಕ್ಕೇ, ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಆರ್‌ಸಿಸಿಬಿ ಬೇಕು ಅನ್ನುವುದು. ಎಲಿಮೆಂಟ್ ಬದಲಿಸಿದ ಮೇಲೆ ಅರ್ಥಿಂಗನ್ನೂ ನೋಡಿಸಿ. ಎರಡೂ ಆಗದೆ ಗೀಸರ್ ಹಾಕಬೇಡಿ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿನಲ್ಲಿ ರಿಪೇರಿ ಅನ್ನುವುದೇ ಇಲ್ಲ. ಬಿರುಕು ಕಂಡ ದಿನವೇ ಗುಜರಿಗೆ.

ಫ್ಯೂಸು, ಎಂಸಿಬಿ, ವೈರು

ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಕಟ್ಟಿರುವ ಮನೆಗಳು ಎಷ್ಟೋ. ಆಗ ಗೋಡೆಯೊಳಗಿನ ವೈರೇ ಫ್ಯೂಸ್ ಆಗುತ್ತದೆ. ಇದನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಎಂಸಿಬಿ ಹಾಕಿಸಿ. ಲೈಟಿನ 1.5 ಚದರ ಮಿ.ಮೀ. ವೈರಿಗೆ 6 ಅಥವಾ 10 ಆಂಪಿಯರ್, ಪವರ್ ಸಾಕೆಟ್ಟಿನ 2.5 ಚದರ ಮಿ.ಮೀ. ವೈರಿಗೆ 16 ಆಂಪಿಯರ್. ಪದೇ ಪದೇ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕುವುದು ಅಂದರೆ ನಾಯಿ ಬೊಗಳುತ್ತದೆ ಅಂತ ನಾಯಿಯನ್ನು ಓಡಿಸಿದ ಹಾಗೆ. ಯಾಕೆ ಬೀಳುತ್ತಿದೆ ನೋಡಿ. ಲೋಡ್ ಎಲ್ಲ ತೆಗೆದು, ವೈರ್ ಬಿಚ್ಚಿದ ಮೇಲೂ ಹಿಡಿ ನಿಲ್ಲದಿದ್ದರೆ ಮಾತ್ರ ಎಂಸಿಬಿ ಕೆಟ್ಟಿದೆ.

30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿ ಹಾಕಿಸಿ ಅಂತ ಹೋದ ಮನೆಗಳಲ್ಲೆಲ್ಲ ಬೇಡಿಕೊಳ್ಳುತ್ತೇನೆ. ಮೈಮೇಲೆ ಕರೆಂಟ್ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುವುದು ಅದೊಂದೇ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಒತ್ತಿದರೂ ಬೀಳದಿದ್ದರೆ ಬದಲಿಸಿ.

ಇನ್ನು ವೈರು. ಯಾವುದಾದರೂ ಬೋರ್ಡ್ ಬಿಚ್ಚಿದಾಗ, ಮೇನ್ ಆಫ್ ಇದ್ದಾಗ, ವೈರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ರಬ್ಬರಿನ ಹಾಗೆ ಬಾಗಿದರೆ ಇನ್ನೂ ಜೀವ ಇದೆ. ಪುಡಿಪುಡಿ ಉದುರಿದರೆ ಆ ಒಂದು ಪಾಯಿಂಟಿಗೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ಗೋಡೆಯೊಳಗೂ ಅದೇ ಸ್ಥಿತಿ. ವೈರಿನ ಸಿಪ್ಪೆ ಕರೆಂಟ್ ಸೋರದ ಹಾಗೆ ತಡೆಯುತ್ತದಾ ಅಂತ ನೋಡುವ ಮೆಗ್ಗರ್ ಇಟ್ಟು ಅಳೆಸಿ. 1 ಮೆಗಾ ಓಮ್‌ಗಿಂತ ಕೆಳಗೆ ತೋರಿಸಿದರೆ ಆ ಲೈನ್ ಪೂರ್ತಿ ಬದಲಿಸಬೇಕು. ಹಳೇ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ಹೊಸೆದು ಟೇಪ್ ಸುತ್ತಿರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಎರಡು ಲೋಹ ಕಾವಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ, ತೇವಕ್ಕೆ ಬಿಳಿ ಪುಡಿ ಹುಟ್ಟುತ್ತದೆ, ಜೋಡಣೆ ಸಡಿಲಾಗುತ್ತದೆ. ದುಡ್ಡು ಒಟ್ಟಿಗೆ ಹೊಂದಿಸಲಾಗದಿದ್ದರೆ ಮೊದಲು ಅಡುಗೆಮನೆ ಮತ್ತು ಬಚ್ಚಲು ಮನೆಯ ಲೈನ್ ಮಾಡಿಸಿ, ಉಳಿದದ್ದು ಮುಂದಿನ ವರ್ಷ. ಹಾಗೆ ಮೂರು ವರ್ಷದಲ್ಲಿ ಇಡೀ ಮನೆ ಮುಗಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹೊಸದು ತರುವಾಗ, ಕೆಲಸ ಮುಗಿದಾಗ

ಐಎಸ್‌ಐ ಗುರುತು ನೋಡಿ. ಗುರುತಿನ ಮೇಲೆ ಐಎಸ್ ನಂಬರ್ ಇರುತ್ತದೆ: ಸಾಕೆಟ್ಟು, ಪ್ಲಗ್ಗಿಗೆ 1293, ಸ್ವಿಚ್ಚಿಗೆ 3854, ಪಿವಿಸಿ ವೈರಿಗೆ 694. ಕೆಳಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಸಾಕೆಟ್ಟನ್ನು ಅಂಗೈ ಮೇಲಿಟ್ಟು ತೂಗಿ. ಒಳಗೆ ಹಿತ್ತಾಳೆ ಕಡಿಮೆ ಇದ್ದರೆ ಖಾಲಿ ಬೆಂಕಿಪೊಟ್ಟಣದ ಹಾಗೆ ಹಗುರ ಇರುತ್ತದೆ.

ಹೊಸ ಸಾಕೆಟ್ಟು, ಪ್ಲಗ್ಗು ಹಾಕಿದ ಮೇಲೆ ಬಲ್ಬ್ ಉರಿಸಿ ನೋಡಿದರೆ ಸಾಲದು. ಅದರಲ್ಲಿ ನಿಜವಾಗಿ ಓಡಬೇಕಾದದ್ದನ್ನೇ, ಗೀಸರನ್ನೋ ಒಲೆಯನ್ನೋ, 20 ನಿಮಿಷ ಓಡಿಸಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪಿನ್ನುಗಳನ್ನು ಬೆರಳಿಂದ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಎಲ್ಲೋ ಸ್ಕ್ರೂ ಸಡಿಲ ಉಳಿದಿದೆ, ಮೇನ್ ತೆಗೆದು ಮತ್ತೆ ಬಿಚ್ಚಿ.

ಎಲ್ಲ ಸರಿ ಇದ್ದರೆ ಬೋರ್ಡ್ ಮುಚ್ಚುವ ಮೊದಲು ಒಳಬದಿಯಲ್ಲಿ ಮಾರ್ಕರಿನಿಂದ ತಾರೀಕು, ಏನು ಬದಲಿಸಿದಿರಿ ಅಂತ ಬರೆದಿಡಿ. ಫ್ಯಾನಾದರೆ ಮೇಲಿನ ಕಪ್ಪಿನೊಳಗೆ. ಹೋದ ವರ್ಷ ಆವಿನಹಳ್ಳಿ ರಸ್ತೆಯ ಒಂದು ಮನೆಯಲ್ಲಿ ಫ್ಯಾನ್ ಇಳಿಸಿ ಕಪ್ ಬಿಚ್ಚಿದರೆ ಒಳಗೆ ಕೆಂಪು ಬಣ್ಣದಲ್ಲಿ ದೊಡ್ಡಪ್ಪನ ಅಕ್ಷರ: "14-3-1991, ವೈಂಡಿಂಗ್, ಎರಡು ಬೇರಿಂಗ್." ವೈಂಡಿಂಗ್ ಇನ್ನೂ ಹೊಸದರ ಹಾಗಿತ್ತು. ನಾನು ಬೇರಿಂಗ್ ಎರಡನ್ನೂ ಬದಲಿಸಿ, ಅದರ ಕೆಳಗೆ ಆ ದಿನದ ತಾರೀಕು ಬರೆದು, ಫ್ಯಾನನ್ನು ಮತ್ತೆ ಅದೇ ಕೊಕ್ಕೆಗೆ ಏರಿಸಿದೆ.